ಬರೆಯೋದನ್ನು ನಾವು ಕಲಿಸುತ್ತೇವಾ, ಇಲ್ಲ ಬರೀ ಮಾರ್ಕ್ಸ್ ಹಾಕುತ್ತೇವಾ? ಕಾಲೇಜು ಮೇಷ್ಟ್ರುಗಳು, ಸಂಶೋಧಕರು ದಯವಿಟ್ಟು ಓದಿ

ಬಯಲುಸೀಮೆ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹದಿನಾಲ್ಕು ವರ್ಷವಾಯಿತು. ಇಲ್ಲಿ ಪಾಠ ಮಾಡುವವರು, ಪಿಎಚ್‌ಡಿ ಮಾಡುತ್ತಿರುವವರು ಜಾಸ್ತಿ ಇದ್ದೀರಿ. ಅದಕ್ಕೆ ಈ ವಿಷಯ ಎತ್ತುತ್ತಿದ್ದೇನೆ.

ಹೋದ ತಿಂಗಳು ಸ್ಟಾಫ್ ರೂಮಿನಲ್ಲಿ ಅಸೈನ್‌ಮೆಂಟ್ ಕಟ್ಟು ಬಿಚ್ಚಿಕೊಂಡು ಕೂತಿದ್ದೆವು. ಪಕ್ಕದವರು ಒಂದು ಸಾಲನ್ನು ಜೋರಾಗಿ ಓದಿದರು. "ನಮ್ಮ ಅಳ್ಳಿಯಲ್ಲಿ ರೈತರು ಹೆತ್ತುಗಳನ್ನು ಸಾಕುತ್ತಾರೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಆ ಸಾಲು ಮತ್ತೆ ನೆನಪಾಯಿತು. ಆಗ ನಗು ಬರಲಿಲ್ಲ.

ನೋಡಿ, ನಮ್ಮ ಕಡೆ ಊರ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಂದರೆ ಅಳ್ಳಿ, ಹಾಲು ಅಂದರೆ ಆಲು, ಹೂವು ಅಂದರೆ ಊವು. ಒಂದನೇ ಕ್ಲಾಸಿನಿಂದಲೂ ಆ ಹುಡುಗನಿಗೆ "ಹ ಬಿಟ್ಟಿದ್ದೀಯ" ಅಂತ ಬೈದಿದ್ದಾರೆ. ಎಲ್ಲಿ ಹಾಕಬೇಕು ಅನ್ನೋದು ಅವನ ಕಿವಿಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಮನೆಯಲ್ಲಿ ಆ ಸದ್ದೇ ಕೇಳಿಲ್ಲ. ಹಾಗಾಗಿ ಅನುಮಾನ ಬಂದ ಕಡೆ ಒಂದು ಹ ಸೇರಿಸುತ್ತಾನೆ. ಎತ್ತು ಹೆತ್ತು ಆಗುತ್ತೆ. ಆದರೆ ಹಾದರೆ ಆಗುತ್ತೆ. ಇದು ಅಸಡ್ಡೆ ಅಲ್ಲ. ಅತಿಯಾದ ಎಚ್ಚರ. ಹದಿಮೂರು ವರ್ಷ ಬೈಸಿಕೊಂಡವನು ತಪ್ಪಾಗಬಾರದು ಅಂತ ಹೆದರಿ ಮಾಡಿದ ತಪ್ಪು ಅದು. ಒಬ್ಬರೂ ಪಕ್ಕದಲ್ಲಿ ಕೂರಿಸಿಕೊಂಡು "ಈ ಇಪ್ಪತ್ತು ಮಾತಿಗೆ ಹ ಬರುತ್ತೆ, ಈ ಇಪ್ಪತ್ತಕ್ಕೆ ಬರಲ್ಲ" ಅಂತ ತೋರಿಸಿಲ್ಲ. ನಾನೂ ತೋರಿಸಿಲ್ಲ.

ಹದಿನಾಲ್ಕು ವರ್ಷದಲ್ಲಿ ನಾನು ಏನು ಮಾಡಿದೆ ಅಂತ ಲೆಕ್ಕ ಹಾಕಿದೆ. ಪದ್ಯ ಪಾಠ ಮಾಡಿದೆ. ನೋಟ್ಸ್ ಬರೆಸಿದೆ. ನಾನು ಹೇಳಿದ್ದನ್ನು ಅವರು ಬರೆದುಕೊಂಡರು, ಅದನ್ನೇ ಪರೀಕ್ಷೆಯಲ್ಲಿ ಬರೆದರು, ನಾನು ಅದಕ್ಕೆ ಅಂಕ ಹಾಕಿದೆ. ಅಸೈನ್‌ಮೆಂಟ್ ಅಂದರೆ ಗೈಡ್ ನೋಡಿ ಎ4 ಹಾಳೆಗೆ ಇಳಿಸೋದು, ಸುತ್ತ ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್ ಹಾಕೋದು. ಒಂದು ಸಲ ಬರೆದು, ಓದಿಸಿ, ತಿದ್ದಿ, ಮತ್ತೆ ಬರೆಯುವ ಅವಕಾಶ ಒಬ್ಬ ವಿದ್ಯಾರ್ಥಿಗೂ ನನ್ನ ಕೈಯಿಂದ ಸಿಕ್ಕಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿಯ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೇ ಬಂದೆವು. ಸಿಲಬಸ್ ಎರಡು ಸಲ ಬದಲಾಯಿತು. ಬರೆಸುವ ರೀತಿ ಹಾಗೇ ಉಳಿಯಿತು.

ನಿಮ್ಮ ಕಾಲೇಜಿನಲ್ಲಿ ಯಾರಾದರೂ ಬರವಣಿಗೆಯನ್ನೇ ಕಲಿಸುತ್ತಾರಾ? ಹೇಗೆ? ಅನುಭವ ಇದ್ದರೆ ದಯವಿಟ್ಟು ಬಿಡಿಸಿ ಬರೆಯಿರಿ.

ಮಿಸಿಸಿಪ್ಪಿ_ದಡದಿಂದ

ಸರ್, ನಿಮ್ಮ ಹೆತ್ತು–ಎತ್ತು ಓದಿ ಸುಮ್ನೆ ಇರೋಕೆ ಆಗಲಿಲ್ಲ. ನಾನು ಮಂಡ್ಯದವಳು. ಈಗ ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಾ, ಮೊದಲ ವರ್ಷದ ಮಕ್ಕಳಿಗೆ ಬರವಣಿಗೆಯ ಕ್ಲಾಸು ತೆಗೆದುಕೊಳ್ಳುತ್ತೇನೆ. ಇಲ್ಲಿ ಹೆಚ್ಚಿನ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಓದುವವರಿಗೂ ನರ್ಸಿಂಗ್ ಓದುವವರಿಗೂ ಈ ಕ್ಲಾಸು ಇದ್ದೇ ಇರುತ್ತೆ.

ನೀವು ಹೇಳಿದ್ದನ್ನೇ ಇಲ್ಲಿ ಒಬ್ಬರು ಐವತ್ತು ವರ್ಷದ ಹಿಂದೆ ಹೇಳಿದ್ದಾರೆ. ಮೀನಾ ಶಾನೆಸಿ ಅಂತ. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿದ್ದರು. 1970ರಲ್ಲಿ ಆ ಊರಿನ ಸರ್ಕಾರಿ ವಿಶ್ವವಿದ್ಯಾಲಯ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಬಾಗಿಲು ತೆರೆಯಿತು. ಕಪ್ಪು ಜನರ ಮಕ್ಕಳು, ಪೋರ್ಟೊರಿಕೊದಿಂದ ಬಂದವರ ಮಕ್ಕಳು, ಕೂಲಿ ಮಾಡುವವರ ಮಕ್ಕಳು ಕ್ಲಾಸಿಗೆ ಬಂದರು. ಎಷ್ಟೋ ಮೇಷ್ಟ್ರುಗಳು ಅವರ ಬರಹ ನೋಡಿ ಇವರಿಗೆ ಕಲಿಸೋಕೆ ಆಗಲ್ಲ ಅಂದರು. ಶಾನೆಸಿ ಆ ಮಕ್ಕಳು ಬರೆದ ಸುಮಾರು 4000 ಪ್ರಬಂಧಗಳನ್ನು ಇಟ್ಟುಕೊಂಡು ಕೂತರು. ಪ್ರತಿ ತಪ್ಪಿನ ಹಿಂದೆ ಏನಿದೆ ಅಂತ ಹುಡುಕಿದರು. 1977ರಲ್ಲಿ ಅದು ಪುಸ್ತಕವಾಗಿ ಬಂತು. ಅವರ ಮಾತಿನ ತಿರುಳು ಇಷ್ಟು: ತಪ್ಪು ಸುಮ್ನೆ ಆಗುವುದಿಲ್ಲ, ಅದಕ್ಕೊಂದು ತರ್ಕ ಇರುತ್ತೆ. ಮೇಷ್ಟ್ರಾದವನು ಮೊದಲು ಆ ತರ್ಕವನ್ನು ಓದಬೇಕು. ಮುಂದಿನ ವರ್ಷವೇ ಅವರು ತೀರಿಕೊಂಡರು. ಆದರೆ ಇಲ್ಲಿ ಈ ಕೆಲಸ ಮಾಡುವ ಎಲ್ಲರೂ ಇವತ್ತಿಗೂ ಅವರ ಹೆಸರು ಹೇಳುತ್ತಾರೆ.

ಹಾಗಂತ ಅಮೆರಿಕದಲ್ಲಿ ಎಲ್ಲ ಚೆನ್ನಾಗಿದೆ ಅಂದುಕೊಳ್ಳಬೇಡಿ. ಹಾರ್ವರ್ಡ್‌ನಲ್ಲಿ 1874ರಲ್ಲಿ ಪ್ರವೇಶಕ್ಕೆ ಬರವಣಿಗೆ ಪರೀಕ್ಷೆ ಇಟ್ಟರು, 1885ರಲ್ಲಿ ಅದಕ್ಕೊಂದು ಕೋರ್ಸು ಮಾಡಿದರು. ಇಲ್ಲಿನ ಕಾಲೇಜುಗಳ ಬರವಣಿಗೆ ಕ್ಲಾಸಿನ ಕಥೆಯನ್ನು ಅಲ್ಲಿಂದಲೇ ಶುರು ಮಾಡುತ್ತಾರೆ. ಹುಡುಗರಿಗೆ ತಪ್ಪಿಲ್ಲದೆ ಬರೆಯೋಕೆ ಬರಲ್ಲ ಅನ್ನೋ ಗಾಬರಿಯಿಂದ ಹುಟ್ಟಿದ ಕೋರ್ಸು ಅದು. ಬಹಳ ಕಾಲ ಕೆಂಪು ಶಾಯಿಯ ಕೆಲಸವೇ ನಡೆಯಿತು. ಇವತ್ತಿಗೂ ಈ ಕ್ಲಾಸುಗಳನ್ನು ಬಹುಪಾಲು ನಡೆಸುವವರು ನನ್ನಂಥ ಸಂಶೋಧನಾ ವಿದ್ಯಾರ್ಥಿಗಳು, ಕಡಿಮೆ ಸಂಬಳದ ತಾತ್ಕಾಲಿಕ ಮೇಷ್ಟ್ರುಗಳು.

ಗದಗ_ಅತಿಥಿ

ತಾತ್ಕಾಲಿಕ ಮೇಷ್ಟ್ರು ಅಂದಿರಲ್ಲ ಅಕ್ಕಾ, ಅದು ನಾನೇ. ಅತಿಥಿ ಉಪನ್ಯಾಸಕ. ಎಂಟು ವರ್ಷದಿಂದ ಅತಿಥಿಯಾಗಿಯೇ ಇದ್ದೇನೆ.

ಮೇಷ್ಟ್ರೇ, ನಿಮ್ಮ ಕಳಕಳಿ ನನಗೆ ಅರ್ಥ ಆಗುತ್ತೆ. ಆದರೆ ನನ್ನ ಬಿಎ ಕ್ಲಾಸಿನಲ್ಲಿ 92 ಜನ ಇದ್ದಾರೆ. ಬಿಕಾಂ ಸೇರಿಸಿದರೆ ಇನ್ನೂರು ದಾಟುತ್ತೆ. ಒಬ್ಬೊಬ್ಬರಿಗೆ ಎರಡು ಕರಡು ಅಂದರೆ ನಾನೂರು ಹಾಳೆ. ಯಾವಾಗ ಓದಲಿ? ಸಂಬಳ ತಿಂಗಳು ತಿಂಗಳು ಬರುವುದಿಲ್ಲ, ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲ. ಸಿಲಬಸ್ ಮುಗಿದಿಲ್ಲ ಅಂದರೆ ಪ್ರಿನ್ಸಿಪಾಲರು ಕರೆದು ಕೇಳುತ್ತಾರೆ. ಬರವಣಿಗೆ ಕಲಿಸಿದ್ದೀರಾ ಅಂತ ಈವರೆಗೆ ಯಾರೂ ಕೇಳಿಲ್ಲ. ಇದನ್ನು ಜಗಳಕ್ಕೆ ಹೇಳುತ್ತಿಲ್ಲ. ದಾರಿ ಇದ್ದರೆ ತೋರಿಸಿ, ನಿಜವಾಗಿ ಬೇಕಾಗಿದೆ.

ಪುಸ್ತಕದ_ಬೀರು

ನಾನು ಗ್ರಂಥಪಾಲಕ. ನನ್ನ ಟೇಬಲ್ಲಿಗೆ ಈ ಸಮಸ್ಯೆ ಕೊನೆಯಲ್ಲಿ ಬರುತ್ತೆ, ನಕಲು ಹಿಡಿಯುವ ಸಾಫ್ಟ್‌ವೇರಿನ ರಿಪೋರ್ಟ್ ರೂಪದಲ್ಲಿ.

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2018ರ ಕೃತಿಚೌರ್ಯ ನಿಯಮ ಎಲ್ಲರಿಗೂ ಶೇಕಡಾ ಲೆಕ್ಕದಲ್ಲಿ ಬಾಯಿಪಾಠ ಆಗಿದೆ. ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಮತ್ತೆ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆದರೆ ಅದೇ ನಿಯಮದಲ್ಲಿ, ಪ್ರತಿ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳಿಗೂ ಮೇಷ್ಟ್ರುಗಳಿಗೂ ಈ ಬಗ್ಗೆ ತಿಳಿವಳಿಕೆ ಕಾರ್ಯಕ್ರಮ ಮಾಡಬೇಕು ಅಂತಲೂ ಇದೆ. ಆ ಪುಟವನ್ನು ಯಾರೂ ತಿರುವಿ ನೋಡುವುದಿಲ್ಲ.

ನನ್ನ ಹತ್ತಿರ ಬರುವವರಲ್ಲಿ ಕದಿಯಬೇಕು ಅಂತ ಕದ್ದವರು ಕಡಿಮೆ. ಹೆಚ್ಚಿನವರಿಗೆ ಇನ್ನೊಬ್ಬರ ಮಾತನ್ನು ತನ್ನ ಮಾತಿನಲ್ಲಿ ಹೇಳೋದು ಹೇಗೆ ಅಂತಲೇ ಗೊತ್ತಿಲ್ಲ. ಒಬ್ಬಳು ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದಳು, "ಸರ್, ಶಾಲೆಯಿಂದಲೂ ಪುಸ್ತಕದಲ್ಲಿ ಇದ್ದ ಹಾಗೇ ಬರೆದರೆ ಫುಲ್ ಮಾರ್ಕ್ಸ್ ಕೊಟ್ಟರು. ಇವತ್ತು ಅದನ್ನೇ ಕಳ್ಳತನ ಅಂತಾರೆ. ಯಾವತ್ತಿಂದ ಬದಲಾಯಿತು ಅಂತ ನಮಗೆ ಯಾರು ಹೇಳಿದರು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಡಿಟಿಪ್ಪಣಿ

ನಾನು ಕನ್ನಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ನಾಲ್ಕನೇ ವರ್ಷ. ಮಹಾಪ್ರಬಂಧ ಬರೆಯೋಕೆ ಕೂತಾಗ ಮಾರ್ಗದರ್ಶಕರು ಹೇಳಿದ್ದು ಒಂದೇ ಮಾತು: "ಹಿಂದಿನವರದ್ದು ನೋಡಿ ಬರಿ." ನೋಡಿದೆ. ಪಿಎಚ್‌ಡಿ ಪ್ರಬಂಧಗಳನ್ನು ಹಾಕುವ ಶೋಧಗಂಗಾ ಜಾಲತಾಣದಲ್ಲಿ ಹುಡುಕಿ ಇಳಿಸಿಕೊಂಡು ನೋಡಿದೆ. ಪ್ರಸ್ತಾವನೆ, ಅಧ್ಯಯನದ ಉದ್ದೇಶ, ವ್ಯಾಪ್ತಿ ಮತ್ತು ಮಿತಿ, ವೈಧಾನಿಕತೆ, ಆಮೇಲೆ ಅಧ್ಯಾಯಗಳು, ಕೊನೆಗೆ ಸಮಾರೋಪ. ತಲೆಬರಹಗಳು ಸಿಕ್ಕವು. ಅದರೊಳಗೆ ಏನು ನಡೀಬೇಕು ಅಂತ ಸಿಗಲಿಲ್ಲ. "ಎಂಬುದು ಕಂಡುಬರುತ್ತದೆ", "ಎಂದು ಹೇಳಬಹುದಾಗಿದೆ", "ಎಂದರೆ ತಪ್ಪಾಗಲಾರದು" ಅನ್ನೋ ಬಾಲಗಳನ್ನು ಮಾತ್ರ ಚೆನ್ನಾಗಿ ಕಲಿತೆ. ಯಾರಿಗೆ ಕಂಡುಬರುತ್ತದೆ? ಯಾರು ಹೇಳಬಹುದು? ನಾನು ಹೇಳುತ್ತಿದ್ದೇನಾ, ಹೇಳುತ್ತಿಲ್ಲವಾ? ನನಗೇ ಗೊತ್ತಾಗುತ್ತಿರಲಿಲ್ಲ.

ನನಗೆ ಕಣ್ಣು ತೆರೆಸಿದ್ದು ಜಾನ್ ಸ್ವೇಲ್ಸ್ ಅನ್ನೋ ಭಾಷಾ ವಿದ್ವಾಂಸರು ಮಾಡಿದ ಕೆಲಸ. ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಓದಿ, ಅವು ಒಳಗೆ ಏನು ಮಾಡುತ್ತವೆ ಅಂತ ಬಿಡಿಸಿದರು. 1990ರ ಅವರ ಪುಸ್ತಕದಲ್ಲಿ ಮೂರು ಹೆಜ್ಜೆ ಬರುತ್ತೆ. ನಾನು ನನ್ನ ತಮ್ಮನಿಗೆ ಅದನ್ನು ಹೀಗೆ ಹೇಳಿದೆ: ಮೊದಲು ಹೊಲ ತೋರಿಸು. ಆಮೇಲೆ ಅದರಲ್ಲಿ ಯಾರೂ ಉಳದೆ ಬಿಟ್ಟ ಮೂಲೆ ತೋರಿಸು. ಆಮೇಲೆ ನಿನ್ನ ನೇಗಿಲು ಅಲ್ಲಿ ಇಡು.

ಇದನ್ನು ಇಟ್ಟುಕೊಂಡು ನನ್ನ ಪ್ರಸ್ತಾವನೆ ಓದಿದೆ. 31 ಪುಟ ಇತ್ತು. ಅಷ್ಟೂ ಹೊಲ. ಜಾನಪದ ಅಂದರೇನು, ಅದರ ಅರ್ಥ, ವ್ಯಾಖ್ಯೆಗಳು, ಹುಟ್ಟು, ಬೆಳವಣಿಗೆ. ಬಿಟ್ಟ ಮೂಲೆ ಎಲ್ಲೂ ಇಲ್ಲ. ನೇಗಿಲಂತೂ ಇಲ್ಲವೇ ಇಲ್ಲ. ಅಷ್ಟನ್ನೂ ಪಕ್ಕಕ್ಕಿಟ್ಟು ಒಂಬತ್ತು ಪುಟ ಹೊಸದಾಗಿ ಬರೆದೆ. ಎರಡು ತಿಂಗಳು ಹಿಡಿಯಿತು. ಈ ಒಂದು ವಿಷಯವನ್ನು ಎಂಎ ಮೊದಲ ವರ್ಷದಲ್ಲಿ ಯಾರಾದರೂ ಒಂದು ಗಂಟೆ ಕೂತು ಹೇಳಿದ್ದರೆ ನನ್ನ ಒಂದೂವರೆ ವರ್ಷ ಉಳಿಯುತ್ತಿತ್ತು. ನಿಜಕ್ಕೂ ಹೊಟ್ಟೆ ಉರಿಯುತ್ತೆ.

ಕೋಲಾರದ_ಹುಡುಗಿ

ನಾನು ಈ ವರ್ಷ ಬಿಎ ಮುಗಿಸಿದೆ. ವಿದ್ಯಾರ್ಥಿಗಳ ಕಡೆಯಿಂದ ಒಂದು ಮಾತು. ಮೂರು ವರ್ಷದಲ್ಲಿ ನನ್ನ ಬರಹದ ಮೇಲೆ ಬಂದ ಎಲ್ಲ ಟಿಪ್ಪಣಿ ನನಗೆ ನೆನಪಿದೆ, ಯಾಕೆಂದರೆ ಅಷ್ಟು ಕಡಿಮೆ. ಒಂದು ಟಿಕ್ ಗುರುತು. "ಸೀನ್" ಅಂತ ಒಂದು ಸಹಿ. ಒಂದು ಸಲ "ಅಕ್ಷರ ಚೆನ್ನಾಗಿದೆ". ನಾನು ಏನು ಹೇಳೋಕೆ ಹೊರಟಿದ್ದೆ ಅಂತ ಯಾರಾದರೂ ಓದಿದರಾ ಅನ್ನೋದು ಇವತ್ತಿಗೂ ನನಗೆ ಗೊತ್ತಿಲ್ಲ.

ಬಯಲುಸೀಮೆ_ಮೇಷ್ಟ್ರು

ಕೋಲಾರದ ತಂಗಿಯ ಮಾತು ಓದಿ ಎರಡು ದಿನ ಏನೂ ಬರೆಯೋಕೆ ಆಗಲಿಲ್ಲ. ನನ್ನ ಸಹಿಯೂ ಅಂಥದ್ದೇ. ಅದಕ್ಕೆ ಒಂದು ಪ್ರಯತ್ನ ಮಾಡಿದೆ. ಮೂರು ವಾರ ಆಯಿತು. ಅಷ್ಟನ್ನೂ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಆ ಹೆತ್ತು ಬರೆದ ಹುಡುಗನನ್ನು ಕರೆದೆ. ಜಾತ್ರೆ ಬಗ್ಗೆ ಒಂದು ಪುಟ ಬರಿ ಅಂದೆ. ನನ್ನ ಎದುರಿಗೇ, ಮನಸ್ಸಲ್ಲಿ ಬಂದಿದ್ದನ್ನು ಬಾಯಲ್ಲಿ ಹೇಳುತ್ತಾ ಬರಿ ಅಂದೆ. ಇದು ನನ್ನ ಸ್ವಂತ ಉಪಾಯ ಅಲ್ಲ. ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಅನ್ನೋ ಇಬ್ಬರು ಅಮೆರಿಕದಲ್ಲಿ ಹೀಗೆ ಬಾಯಿಬಿಟ್ಟು ಹೇಳುತ್ತಾ ಬರೆಸಿ, ಬರೆಯುವವರ ತಲೆಯಲ್ಲಿ ಏನು ನಡೆಯುತ್ತೆ ಅಂತ ನೋಡಿದ್ದರು. 1981ರ ಅವರ ಲೇಖನ ಈ ವಿಷಯ ಓದುವವರಿಗೆಲ್ಲ ಗೊತ್ತು.

ಹುಡುಗ ಮೊದಲು ಬರೆದದ್ದು ಇದು: "ಭಾರತವು ಕೃಷಿ ಪ್ರಧಾನ ದೇಶವಾಗಿದೆ. ಪ್ರಾಚೀನ ಕಾಲದಿಂದಲೂ ಜಾತ್ರೆಗಳು ನಮ್ಮ ಸಂಸ್ಕೃತಿಯ ಅವಿಭಾಜ್ಯ ಅಂಗವಾಗಿವೆ. ಜಾತ್ರೆಗಳಲ್ಲಿ ಜಾನುವಾರುಗಳ ಕ್ರಯವಿಕ್ರಯ ನಡೆಯುತ್ತದೆ."

ಕೈ ನೋಡುತ್ತಾ ಕೂತಿದ್ದೆ. ಮೂರನೇ ಸಾಲಿಗೆ ಬಂದಾಗ ಪೆನ್ನು ನಿಂತಿತು. ಎ ಅಂತ ಬರೆದ, ಹೊಡೆದು ಹಾಕಿದ. ಹೆ ಅಂತ ಬರೆದ, ಹೊಡೆದು ಹಾಕಿದ. ಯಾಕಪ್ಪಾ ನಿಲ್ಲಿಸಿದೆ ಅಂದೆ. "ಎತ್ತು ಅಂತ ಬರೆಯೋಣ ಅಂತಿದ್ದೆ ಸರ್. ಹ ಬರುತ್ತಾ ಇಲ್ಲವಾ ಅಂತ ಗೊತ್ತಾಗಲಿಲ್ಲ. ಜಾನುವಾರು ಅಂದರೆ ಆ ತಾಪತ್ರಯ ಇಲ್ಲ" ಅಂದ.

ನನಗೆ ಎದೆಗೆ ಒದ್ದ ಹಾಗಾಯಿತು. ನಾವು ಇಷ್ಟು ವರ್ಷ "ಇವರಿಗೆ ಸ್ವಂತ ಮಾತೇ ಇಲ್ಲ, ಬರೀ ಗೈಡಿನ ಭಾಷೆ" ಅಂತ ಬೈಯುತ್ತಿದ್ದೆವು. ಸ್ವಂತ ಮಾತು ಇತ್ತು. ಅದನ್ನು ಬರೆದರೆ ತಪ್ಪಾಗುತ್ತೆ ಅಂತ ಬಿಟ್ಟ. ಗೈಡಿನ ಮಾತಿನ ಕಾಗುಣಿತ ಕಣ್ಣಿಗೆ ಪಾಠವಾಗಿದೆ, ಅದಕ್ಕೆ ಅದನ್ನು ಹಿಡಿದುಕೊಂಡ. ಪ್ರತಿ ಕೆಂಪು ಗೆರೆಯೂ ಅವನ ಒಂದೊಂದು ಮಾತನ್ನು ಕಸಿದುಕೊಂಡಿದೆ.

ಪೆನ್ನು ಕೆಳಗಿಡಿಸಿದೆ. ಸುಮ್ನೆ ಹೇಳು, ಜಾತ್ರೆಯಲ್ಲಿ ಏನಾಗುತ್ತೆ ಅಂದೆ. ಸಿದ್ಧಗಂಗೆಯ ಶಿವರಾತ್ರಿ ದನದ ಜಾತ್ರೆಗೆ ಅಪ್ಪನ ಜೊತೆ ಹೋಗಿದ್ದನ್ನು ಇಪ್ಪತ್ತು ನಿಮಿಷ ಹೇಳಿದ. ಹಲ್ಲು ಹಿಡಿದು ವಯಸ್ಸು ನೋಡೋದು, ಸುಳಿ ನೋಡೋದು, ಟವೆಲ್ ಕೆಳಗೆ ವ್ಯಾಪಾರ ಕುದುರಿಸೋದು. ಈಗ ಇದನ್ನೇ ಬರಿ, ಹ–ಅ ಬಗ್ಗೆ ಇವತ್ತು ನಾನೂ ನೋಡಲ್ಲ, ನೀನೂ ನೋಡಬೇಡ ಅಂದೆ. ಎರಡನೇ ಕರಡು ಹೀಗೆ ಬಂತು. ಕಾಗುಣಿತ ಮಾತ್ರ ನಾನು ತಿದ್ದಿದ್ದೇನೆ:

"ದನದ ಜಾತ್ರೆಯಲ್ಲಿ ಯಾರೂ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿಯೂ ಕೊಳ್ಳುವವನೂ ಟವೆಲ್ ಕೆಳಗೆ ಕೈ ಹಿಡಿದುಕೊಳ್ಳುತ್ತಾರೆ. ಹಿಡಿದ ಬೆರಳಿನ ಲೆಕ್ಕವೇ ಬೆಲೆ. ಎತ್ತು ನಮ್ಮದು. ಆದರೆ ಪಕ್ಕದಲ್ಲೇ ನಿಂತ ನಮ್ಮಪ್ಪನಿಗೆ ಆ ಬೆರಳು ಕಾಣಲಿಲ್ಲ. ದಲ್ಲಾಳಿ ಹೇಳಿದ ದುಡ್ಡು ತೆಗೆದುಕೊಂಡು ಬಂದೆವು."

ಅದರ ಕೆಳಗೆ ನಾನು ಒಂದೇ ಪ್ರಶ್ನೆ ಬರೆದೆ: "ಬೆಲೆ ಮುಚ್ಚಿಡುವುದರಿಂದ ಯಾರಿಗೆ ಅನುಕೂಲ? ಯಾರಿಗೂ ಮರ್ಯಾದೆ ಹೋಗದೆ ಇರಲಿ ಅಂತ ಇರಬಹುದಾ?" ಅವನು ಊರಿಗೆ ಹೋಗಿ ಒಬ್ಬ ಹಳೇ ದಲ್ಲಾಳಿಯನ್ನೇ ಕೇಳಿಕೊಂಡು ಬಂದಿದ್ದಾನೆ. ಈಗ ಮೂರು ಪುಟ ಆಗಿದೆ, ಒಳಗೆ ಒಂದು ವಾದ ಇದೆ. ಎಂಎ ಸೆಮಿನಾರಿನಲ್ಲೂ ಇಷ್ಟು ಖಚಿತವಾದ ಪ್ರಶ್ನೆ ಇಟ್ಟುಕೊಂಡು ಬಂದ ಬರಹ ನಾನು ಹೆಚ್ಚು ನೋಡಿಲ್ಲ.

ನಿವೃತ್ತ_ಪ್ರಾಧ್ಯಾಪಕ

ಓದಿ ಸಂತೋಷವಾಯಿತು ಮೇಷ್ಟ್ರೇ. ಆದರೂ ಒಂದು ಎಚ್ಚರಿಕೆ ಹೇಳಬೇಕು. ನೀವು ಹ–ಅ ನೋಡಲ್ಲ ಅಂದಿರಿ. ಲೋಕ ನೋಡುತ್ತದೆ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ 250 ಅಂಕದ ಪ್ರಬಂಧ ಪತ್ರಿಕೆ ಇದೆ. ಕನ್ನಡ ಪತ್ರಿಕೆಯಲ್ಲಿ ಪಾಸಾಗದಿದ್ದರೆ ಉಳಿದದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಹೆತ್ತು ಅಂತ ಬರೆದರೆ ನಿಮ್ಮ ಹುಡುಗನ ಟವೆಲ್ಲಿನ ವಿಚಾರವನ್ನು ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ. ಬಡವರ ಮಕ್ಕಳಿಗೆ ಶುದ್ಧ ಬರಹವೇ ಆಸ್ತಿ. ನಾನೂ ಹಳ್ಳಿಯಿಂದ ಬಂದವನು. ನನ್ನ ಮೇಷ್ಟ್ರು ಬೆತ್ತ ಹಿಡಿದು ತಿದ್ದಿದ್ದರಿಂದಲೇ ನಾನು ವಿಶ್ವವಿದ್ಯಾಲಯದಲ್ಲಿ ನಿಂತು ಪಾಠ ಮಾಡಿದೆ. ಆ ಋಣ ನನಗೆ ದೊಡ್ಡದು.

ಮಿಸಿಸಿಪ್ಪಿ_ದಡದಿಂದ

ಸರ್, ನಿಮ್ಮ ಮಾತನ್ನು ಒಪ್ಪುತ್ತೇನೆ. ಶಾನೆಸಿ ಕೂಡ ತಪ್ಪು ಇದ್ದರೆ ಇರಲಿ ಅಂತ ಹೇಳಲಿಲ್ಲ. ಓದುವವರಿಗೆ ತಪ್ಪಿನಿಂದ ತೊಂದರೆ ಆಗುತ್ತೆ, ಅದಕ್ಕೆ ಅದನ್ನು ಸರಿಯಾಗಿ ಕಲಿಸಿ ಅಂದರು. ಪ್ರಶ್ನೆ ಇರೋದು ಯಾವುದು ಮೊದಲು ಅನ್ನೋದರಲ್ಲಿ.

ನ್ಯಾನ್ಸಿ ಸಾಮರ್ಸ್ ಅನ್ನೋ ಸಂಶೋಧಕಿ 1980ರಲ್ಲಿ ಒಂದು ಹೋಲಿಕೆ ಮಾಡಿದರು. ಒಂದು ಕಡೆ 20 ಜನ ಮೊದಲ ವರ್ಷದ ವಿದ್ಯಾರ್ಥಿಗಳು, ಇನ್ನೊಂದು ಕಡೆ ಪತ್ರಕರ್ತರು, ಸಂಪಾದಕರು, ಪ್ರಾಧ್ಯಾಪಕರು ಸೇರಿ 20 ಜನ ಅನುಭವಸ್ಥರು. ಎಲ್ಲರೂ ಬರೆದರು, ತಿದ್ದಿದರು. ತಿದ್ದೋದು ಅಂದರೆ ವಿದ್ಯಾರ್ಥಿಗಳ ಪಾಲಿಗೆ ಒಂದು ಪದ ತೆಗೆದು ಇನ್ನೊಂದು ಹಾಕೋದು. ಅನುಭವಸ್ಥರ ಪಾಲಿಗೆ ತಾನು ಏನು ಹೇಳುತ್ತಿದ್ದೇನೆ ಅನ್ನೋದನ್ನೇ ಮತ್ತೆ ಹುಡುಕೋದು. ಎರಡು ವರ್ಷದ ಮೇಲೆ ಮೇಷ್ಟ್ರುಗಳ ಟಿಪ್ಪಣಿಗಳ ಮೇಲೆ ಇನ್ನೊಂದು ಲೇಖನ ಬರೆದರು. ಒಂದೇ ಪ್ಯಾರಾದಲ್ಲಿ "ಅಲ್ಪವಿರಾಮ ಹಾಕು" ಅಂತಲೂ "ಈ ವಿಚಾರವನ್ನೇ ಇನ್ನಷ್ಟು ಯೋಚಿಸು" ಅಂತಲೂ ಬರೆದಿರುತ್ತೆ. ಇಡೀ ಪ್ಯಾರಾ ಹೋಗಬಹುದು ಅಂದಮೇಲೆ ಅಲ್ಪವಿರಾಮ ಯಾಕೆ ತಿದ್ದಬೇಕು? ವಿದ್ಯಾರ್ಥಿ ಸುಲಭವಾದದ್ದನ್ನು ಮಾಡುತ್ತಾನೆ. ಅಲ್ಪವಿರಾಮ ಹಾಕಿ ಕೊಟ್ಟುಬಿಡುತ್ತಾನೆ.

ನಾನು ಕ್ಲಾಸಿನಲ್ಲಿ ಮೊದಲ ಕರಡಿನಲ್ಲಿ ಕಾಗುಣಿತ ಮುಟ್ಟುವುದಿಲ್ಲ. ಕೊನೆಯ ಕರಡಿನಲ್ಲಿ ಬಿಡುವುದೂ ಇಲ್ಲ.

ರೆಕಾರ್ಡ್_ಪುಸ್ತಕ

ಸೈನ್ಸ್ ಕಡೆಯಿಂದ ಎರಡು ಮಾತು. ನಾನು ಭೌತಶಾಸ್ತ್ರದ ಮೇಷ್ಟ್ರು. ನಮ್ಮಲ್ಲಿ ಬರವಣಿಗೆ ಅಂದರೆ ಲ್ಯಾಬ್ ಪ್ರಯೋಗದ ರೆಕಾರ್ಡ್. ಸೀನಿಯರ್ ರೆಕಾರ್ಡ್ ಪಕ್ಕದಲ್ಲಿಟ್ಟುಕೊಂಡು ಇಳಿಸುತ್ತಾರೆ. ರೀಡಿಂಗ್ ತಪ್ಪು ಬಂದರೆ ಅದನ್ನು ಒರೆಸಿ ಪುಸ್ತಕದಲ್ಲಿರುವ ಅಂಕಿಗೆ ಹತ್ತಿರ ಮಾಡುತ್ತಾರೆ. ಯಾಕೆ ತಪ್ಪು ಬಂತು ಅಂತ ಐದು ಸಾಲು ಬರೆದರೆ ಅದೇ ನಿಜವಾದ ವಿಜ್ಞಾನ. ಅದಕ್ಕೆ ನಾವು ಜಾಗವನ್ನೇ ಬಿಟ್ಟಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಆ ಐದು ಸಾಲು ಇಂಗ್ಲಿಷಿನಲ್ಲಿ ಬರುವುದಿಲ್ಲ. ನಾನು ಕನ್ನಡದಲ್ಲೇ ಬರೆಯಿರಿ ಅಂತ ಹೇಳೋಕೆ ಶುರು ಮಾಡಿದ್ದೇನೆ. ಬೆಂಗಳೂರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ಕನ್ನಡದಲ್ಲಿ ವಿಜ್ಞಾನಕ್ಕೆ ಅಂತಲೇ ಒಂದು ಮಾಸಪತ್ರಿಕೆ ತಂದರು. ಕನ್ನಡದಲ್ಲಿ ವಿಜ್ಞಾನ ಬರೆಯೋಕೆ ಆಗಲ್ಲ ಅನ್ನೋರಿಗೆ ನಾನು ಇದನ್ನೇ ಹೇಳುತ್ತೇನೆ. ಹೋದ ವಾರ ಒಬ್ಬಳು ಬರೆದಳು: "ಲೋಲಕವನ್ನು ಜಾಸ್ತಿ ಎಳೆದು ಬಿಟ್ಟೆ. ಅದಕ್ಕೆ ಕಾಲ ಹೆಚ್ಚು ಬಂತು ಅನ್ನಿಸುತ್ತೆ. ಫ್ಯಾನ್ ಆಫ್ ಮಾಡಿ, ಕಡಿಮೆ ಎಳೆದು ಮತ್ತೆ ನೋಡಿದೆ. ವ್ಯತ್ಯಾಸ ಕಡಿಮೆ ಆಯಿತು." ಆ ಪುಟಕ್ಕೆ ಪೂರ್ತಿ ಅಂಕ ಕೊಟ್ಟೆ.

ಹೊಸ_ಮೇಡಂ

ಒಂದು ಪ್ರಶ್ನೆ. ಚಾಟ್‌ಜಿಪಿಟಿಗೆ ಏನು ಮಾಡುತ್ತೀರಿ? ಈಗ ಗೈಡ್ ಕೂಡ ಬೇಡ, ಫೋನಿನಲ್ಲೇ ಎರಡು ನಿಮಿಷಕ್ಕೆ ಅಸೈನ್‌ಮೆಂಟ್ ಬರುತ್ತೆ. ಹಿಡಿಯೋದು ಹೇಗೆ?

ಪುಸ್ತಕದ_ಬೀರು

ಹಿಡಿಯುವ ಸಾಫ್ಟ್‌ವೇರ್ ನಂಬಿಕೊಂಡು ಮಕ್ಕಳ ಮೇಲೆ ಕಳ್ಳತನ ಹೊರಿಸಬೇಡಿ ಮೇಡಂ. ತಾನೇ ಬರೆದವರನ್ನೂ ಅದು ಹಿಡಿದು ಹಾಕುತ್ತೆ. ನಮ್ಮಲ್ಲಿ ಒಬ್ಬರು ಬೇರೆ ದಾರಿ ಹಿಡಿದಿದ್ದಾರೆ. ಹತ್ತು ಅಂಕದಲ್ಲಿ ಆರು ಅಂಕ ಕೈಬರಹದ ಮೊದಲ ಕರಡಿಗೆ, ಅದರ ಮೇಲಿನ ಹೊಡೆದು ಹಾಕಿದ ಗುರುತುಗಳಿಗೆ, ಬದಲಾವಣೆ ಯಾಕೆ ಮಾಡಿದೆ ಅಂತ ಎದುರು ಕೂತು ಹೇಳೋದಕ್ಕೆ. ಕೊನೆಯ ಚೆಂದದ ಪ್ರತಿಗೆ ನಾಲ್ಕೇ ಅಂಕ.

ಬಯಲುಸೀಮೆ_ಮೇಷ್ಟ್ರು

ನಿವೃತ್ತ ಪ್ರಾಧ್ಯಾಪಕರಿಗೆ: ಸರ್, ನಿಮ್ಮ ಮೇಷ್ಟ್ರು ಬೆತ್ತ ಹಿಡಿದರೂ ನಿಮ್ಮ ಪಕ್ಕ ಕೂತು ತಿದ್ದಿದರು ಅಲ್ವಾ. ನಾವು ಬೆತ್ತ ಬಿಟ್ಟೆವು, ಪಕ್ಕ ಕೂರೋದನ್ನೂ ಬಿಟ್ಟೆವು. ಕಾಗುಣಿತವನ್ನು ಖಂಡಿತ ಕಲಿಸುತ್ತೇನೆ. ಪ್ರತಿಯೊಬ್ಬರೂ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ತನ್ನದೇ ತಪ್ಪಿನ ಪಟ್ಟಿ ಇಡುತ್ತಿದ್ದಾರೆ. ಆ ಹುಡುಗನ ಪಟ್ಟಿಯಲ್ಲಿ 23 ಪದ ಇದೆ, ಎಲ್ಲವೂ ಹ–ಅ. ಅವನಿಗಿರೋದು ಇಪ್ಪತ್ತಮೂರು ತೊಂದರೆ ಅಲ್ಲ, ಒಂದೇ ತೊಂದರೆ. ಅದು ಗೊತ್ತಾದ ದಿನ ಅವನ ಮುಖ ನೋಡಬೇಕಿತ್ತು.

ಗದಗದ ತಮ್ಮನಿಗೆ: ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಸಂಬಳ, ವರ್ಕ್‌ಲೋಡ್ ಸರಿಯಾಗದೆ ಇದು ಪೂರ್ತಿ ಆಗುವುದಿಲ್ಲ. ಅದಕ್ಕೆ ಬೇರೆ ಹೋರಾಟ ಬೇಕು. ಆದರೆ 68 ಜನರ ಕ್ಲಾಸಿನಲ್ಲಿ ನಾನು ಮಾಡಿದ್ದು ಇಷ್ಟು. ಒಂದು ಸೆಮಿಸ್ಟರಿಗೆ ಒಂದೇ ಬರಹ, ಒಂದೇ ಪುಟ. ಮೊದಲ ಕರಡನ್ನು ನಾನು ಓದುವುದಿಲ್ಲ. ಕ್ಲಾಸಿನಲ್ಲೇ ಇಬ್ಬಿಬ್ಬರು ಕೂತು ಒಬ್ಬರದ್ದನ್ನು ಇನ್ನೊಬ್ಬರು ಜೋರಾಗಿ ಓದುತ್ತಾರೆ. ಓದಿದವರು ಎರಡು ಮಾತು ಹೇಳಬೇಕು: ಎಲ್ಲಿ ಅರ್ಥ ಆಗಲಿಲ್ಲ, ಎಲ್ಲಿ ಇನ್ನೂ ಕೇಳಬೇಕು ಅನ್ನಿಸಿತು. ತನ್ನ ಸಾಲನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ, ತಡವರಿಸುವ ಜಾಗ ತಾನೇ ಗೊತ್ತಾಗುತ್ತೆ. ಎರಡನೇ ಕರಡಿನ ಮೊದಲ ಪ್ಯಾರಾ ಮಾತ್ರ ನಾನು ಓದುತ್ತೇನೆ, ಒಂದು ಪ್ರಶ್ನೆ ಬರೆಯುತ್ತೇನೆ. ಒಬ್ಬರಿಗೆ ಎರಡು ನಿಮಿಷ. ಮೂರನೆಯದನ್ನು ಪೂರ್ತಿ ಓದುತ್ತೇನೆ. ಇದಕ್ಕಾಗಿ ನಾಲ್ಕು ಗಂಟೆ ನೋಟ್ಸ್ ಬರೆಸೋದನ್ನು ಬಿಟ್ಟೆ. ನೋಟ್ಸನ್ನು ಜೆರಾಕ್ಸ್ ಮಾಡಿಸಿ ಕೊಟ್ಟೆ. ಸಿಲಬಸ್ ನಿಲ್ಲಲಿಲ್ಲ.

ಅಡಿಟಿಪ್ಪಣಿ

ಮೇಷ್ಟ್ರೇ, ಈ ಇಬ್ಬಿಬ್ಬರು ಓದೋದನ್ನು ನಾವು ಪಿಎಚ್‌ಡಿಯವರು ನಾಲ್ಕು ಜನ ಸೇರಿ ಶುರು ಮಾಡಿದ್ದೇವೆ. ಶನಿವಾರ ಸಂಜೆ ಹಾಸ್ಟೆಲ್ ಟೆರೇಸಿನಲ್ಲಿ. ನಿಯಮ ಒಂದೇ: "ಕಂಡುಬರುತ್ತದೆ" ಅಂತ ಬಂದ ಕಡೆಯೆಲ್ಲ ನಿಲ್ಲಿಸಿ "ಯಾರಿಗೆ?" ಅಂತ ಕೇಳಬೇಕು. ಮೊದಲ ದಿನ ನನ್ನ ಎರಡು ಪುಟ ಓದೋಕೆ ಒಂದೂವರೆ ಗಂಟೆ ಹಿಡಿಯಿತು.

ಗದಗ_ಅತಿಥಿ

ಮಾಡಿದೆ ಮೇಷ್ಟ್ರೇ. 92 ಜನರಲ್ಲಿ 40 ಜನರ ಒಂದು ವಿಭಾಗಕ್ಕೆ ಮಾತ್ರ. ಮೊದಲ ದಿನ ಗಲಾಟೆ, ಪಕ್ಕದ ಕ್ಲಾಸಿನವರು ಬಂದು ನೋಡಿ ಹೋದರು. ಎರಡನೇ ದಿನ ಕಡಿಮೆ ಆಯಿತು. ನಮ್ಮ ಕಡೆ ಹ ತೊಂದರೆ ಇಲ್ಲ. ಇಲ್ಲಿ "ಮಾಡ್ಯಾರ", "ಹೋಗ್ಯಾರ" ಅಂತ ಮಾತಾಡೋದನ್ನು ಬರೆಯುವಾಗ "ಮಾಡಿರುತ್ತಾರೆ", "ಹೋಗಿರುತ್ತಾರೆ" ಅಂತ ಮಾಡಿಕೊಳ್ಳುತ್ತಾರೆ. ಆಗಿ ಹೋದ ವಿಷಯಕ್ಕೂ ಇರುತ್ತಾರೆ, ಆಗಬಹುದಾದ ವಿಷಯಕ್ಕೂ ಇರುತ್ತಾರೆ. ಇಷ್ಟು ವರ್ಷ ಇದನ್ನು ಕಚೇರಿ ಭಾಷೆಯ ಚಟ ಅಂದುಕೊಂಡಿದ್ದೆ. ಜೋರಾಗಿ ಓದಿಸಿದಾಗ ಗೊತ್ತಾಯಿತು, ಮಾಡ್ಯಾರ ಅನ್ನೋದಕ್ಕೆ ಹತ್ತಿರದ ಬರಹದ ರೂಪವನ್ನು ಅವರು ಹುಡುಕುತ್ತಿದ್ದಾರೆ. "ಮಾಡಿದ್ದಾರೆ" ಅನ್ನೋದನ್ನು ಯಾರೂ ಅದರ ಪಕ್ಕದಲ್ಲಿ ಇಟ್ಟು ತೋರಿಸಿಲ್ಲ.

ಬೋರ್ಡಿನ ಮೇಲೆ ಎರಡು ಸಾಲು ಮಾಡಿ ಬರೆದೆ. ಈ ಕಡೆ ಊರ ಮಾತು, ಆ ಕಡೆ ಬರಹದ ಮಾತು. ಹುಡುಗರೇ ಎದ್ದು ಬಂದು ಸೇರಿಸಿದರು, ಬೋರ್ಡು ತುಂಬಿತು. ಫೋಟೊ ತೆಗೆದುಕೊಂಡಿದ್ದೇನೆ. ನಿಮ್ಮ ಹುಡುಗನ 23 ಪದದ ಪಟ್ಟಿಯೂ ಸಿಕ್ಕರೆ ಒಂದು ಪ್ರತಿ ಕಳಿಸಿ. ಕೋಲಾರ, ಮಂಡ್ಯದವರೂ ನಿಮ್ಮ ನಿಮ್ಮ ಕಡೆಯದನ್ನು ಇಲ್ಲೇ ಹಾಕಿದರೆ, ಬರುವ ಸೆಮಿಸ್ಟರಿನ ಮೊದಲ ವಾರಕ್ಕೆ ಎಲ್ಲ ಸೇರಿಸಿ ಜೆರಾಕ್ಸ್ ಮಾಡಿಸುತ್ತೇನೆ.

ಕೋಲಾರದ_ಹುಡುಗಿ

ನನ್ನದು ಶ–ಷ–ಸ, ಅಣ್ಣ. ಇವತ್ತು ರಾತ್ರಿ ಬರೆದು ಹಾಕುತ್ತೇನೆ.